ಉಪ್ಪು ಬಚ್ಚಿಡುವ ವಿಷ, ಉಪ್ಪು ತೋರಿಸುವ ವಿಷ

ಕೋಲಾರದ ಕಡೆ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಕರೆ ಕಟ್ಟುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಿದರೂ ಒಂದು ಪದರ ಉಳಿದೇ ಇರುತ್ತದೆ. ಕೆಲವು ವರ್ಷಗಳ ಹಿಂದೆ ಆ ನೀರನ್ನೇ ಎರಡು ಪ್ರಯೋಗಾಲಯಗಳಿಗೆ ಕೊಟ್ಟಿದ್ದೆ. ಒಂದು ವರದಿಯಲ್ಲಿ ಆರ್ಸೆನಿಕ್ ಮಿತಿಯೊಳಗೆ, ಇನ್ನೊಂದರಲ್ಲಿ ಮಿತಿ ಮೀರಿ. ಯಂತ್ರ ಕೆಟ್ಟಿರಲಿಲ್ಲ, ಅದಕ್ಕೆ ಉಪ್ಪು ಅಡ್ಡ ಬಂದಿತ್ತು.

ಈ ಜಿಲ್ಲೆಯಲ್ಲಿ ಅಂಥ ವರದಿಯನ್ನು ಯಾರೂ ಹಗುರವಾಗಿ ಓದುವುದಿಲ್ಲ. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಯ ಸೈನೈಡ್ ದಿಬ್ಬಗಳು ಈಗಲೂ ಕಣ್ಣೆದುರಿಗಿವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆರೆಗಳಿಗೆ ಬರತೊಡಗಿದ ಮೇಲೆ ಭಾರಲೋಹಗಳ ಮಾತು ಮತ್ತಷ್ಟು ಬಲವಾಯಿತು.

ಕುಡಿಯುವ ನೀರಿನಲ್ಲಿ ಸೀಸಕ್ಕೂ ಆರ್ಸೆನಿಕ್‌ಗೂ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಉಪ್ಪಿನಲ್ಲಿರುವ ಕ್ಲೋರೈಡ್‌ಗೆ 250 ಮಿಲಿಗ್ರಾಂ, ಅಂದರೆ 25,000 ಪಟ್ಟು. ಅಷ್ಟು ಉಪ್ಪಿನ ನಡುವೆ ಇಷ್ಟೇ ಇಷ್ಟು ವಿಷವನ್ನು ಅಳೆಯುವುದು ಜಾತ್ರೆಯಲ್ಲಿ ಒಬ್ಬನ ಪಿಸುಮಾತು ಕೇಳಿಸಿಕೊಂಡಂತೆ.

ತೊಂದರೆ ಹಳೆಯದು. 1836ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮಾರ್ಷ್ ಪ್ರಕಟಿಸಿದ ಪರೀಕ್ಷೆಯಲ್ಲಿ ಆರ್ಸೆನಿಕ್ ಅನಿಲವಾಗಿ ಹೊರಟು, ಆ ಅನಿಲದ ಉರಿಗೆ ಹಿಡಿದ ತಣ್ಣನೆಯ ಗಾಜಿನ ಮೇಲೆ ಕಪ್ಪು ಹೊಳಪಾಗಿ ಕೂರುತ್ತಿತ್ತು. ಆಂಟಿಮನಿ ಎಂಬ ಇನ್ನೊಂದು ಧಾತುವೂ ಹಾಗೇ ಕೂರುತ್ತಿತ್ತು! ಬ್ಲೀಚಿಂಗ್ ದ್ರಾವಣ ಹಾಕಿದರೆ ಆರ್ಸೆನಿಕ್ ಕಲೆ ಕರಗುತ್ತದೆ, ಆಂಟಿಮನಿಯದು ಉಳಿಯುತ್ತದೆ. ಪರೀಕ್ಷೆಗೆ ಬಳಸುವ ಸತುವಿನಲ್ಲೇ ಆರ್ಸೆನಿಕ್ ಇರಬಹುದೆಂಬ ಅನುಮಾನವೂ ಆಗಲೇ ಹುಟ್ಟಿತು. ಇಂದಿಗೂ ಮಾದರಿಯ ಪಕ್ಕದಲ್ಲಿ ಬರೀ ಆಮ್ಲ ಬೆರೆಸಿದ ಶುದ್ಧ ನೀರನ್ನು ಅಳೆಯುವುದು ಇದೇ ಅನುಮಾನದಿಂದ.

1955ರಲ್ಲಿ ಆಸ್ಟ್ರೇಲಿಯದ ಅಲನ್ ವಾಲ್ಷ್ ಪರಮಾಣುಗಳು ಬೆಳಕು ಹೀರುವುದನ್ನೇ ಅಳತೆಯ ಮಾರ್ಗವಾಗಿಸಿದರು. 1959ರಲ್ಲಿ ರಷ್ಯದ ಬೋರಿಸ್ ಲ್ವೋವ್ ಮಾದರಿಯನ್ನು ಕಾಯಿಸಿ ಪರಮಾಣುಗಳಾಗಿ ಬಿಡಿಸುವ ಗ್ರಾಫೈಟ್ ಕುಲುಮೆ ತಂದರು. ಒಂದು ಹನಿ ನೀರು ಸಾಕಾಯಿತು, ಆದರೆ ಉಪ್ಪಿನ ಕಾಟ ಹೆಚ್ಚಿತು. ಕುಲುಮೆ ಬಿಸಿಯಾಗುವಾಗ ಸೀಸ ಕ್ಲೋರೈಡ್‌ನ ಜೊತೆ ಸೇರಿ, ಅಳತೆಗೆ ಸಿಗುವ ಮೊದಲೇ ಜಾರಿಹೋಗುತ್ತದೆ. ವರದಿಯಲ್ಲಿ ಸೀಸ ಕಡಿಮೆ, ನೀರಿನಲ್ಲಿ ಅಲ್ಲ.

1970ರ ದಶಕದಲ್ಲಿ ಸಿಕ್ಕ ಉಪಾಯ ನನಗೆ ಬಹಳ ಇಷ್ಟ. ಅಡುಗೆ ಉಪ್ಪು ಆವಿಯಾಗಲು 1,400 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅಮೋನಿಯಂ ನೈಟ್ರೇಟ್ ಬೆರೆಸಿದರೆ ಅದೇ ಕ್ಲೋರೈಡ್ ನವಸಾಗರವಾಗಿ 400 ಡಿಗ್ರಿಯೊಳಗೇ ಹೊರಟುಹೋಗುತ್ತದೆ. ಬೇಡದವನನ್ನು ಮೊದಲ ಬಸ್ಸಿಗೇ ಹತ್ತಿಸಿ ಕಳಿಸುವ ಜಾಣತನ ಇದು. ಬೇಕಾದವನನ್ನು ಕೂರಿಸಿಕೊಳ್ಳುವ ದಾರಿಯೂ ಉಂಟು: ನಿಕ್ಕಲ್ ಹಾಕಿದರೆ ಆರ್ಸೆನಿಕ್ ಬಿಸಿ ತಡೆದು ನಿಲ್ಲುತ್ತದೆ. 1986ರ ಹೊತ್ತಿಗೆ ಪೆಲೇಡಿಯಂ ಮತ್ತು ಮೆಗ್ನೀಸಿಯಂ ನೈಟ್ರೇಟ್‌ಗಳ ಜೋಡಿ ಹಲವು ಧಾತುಗಳಿಗೆ ಒಟ್ಟಿಗೆ ಒದಗಿತು.

1980ರಲ್ಲಿ ಬಂದ ಪ್ಲಾಸ್ಮಾ ತೂಕಮಾಪಕ ಮಾದರಿಯನ್ನು ಪ್ಲಾಸ್ಮಾ ಎಂಬ ಅತಿ ಬಿಸಿಯಾದ ಆರ್ಗಾನ್ ಅನಿಲಕ್ಕೆ ಹಾಯಿಸಿ, ಪರಮಾಣುಗಳನ್ನು ತೂಗಿಯೇ ಗುರುತಿಸುತ್ತದೆ. ಅಲ್ಲಿ ಉಪ್ಪಿನ ಆಟ ತಿರುಗುಮುರುಗು. ಪ್ಲಾಸ್ಮಾದ ಆರ್ಗಾನ್ 40, ಕ್ಲೋರಿನ್ 35, ಕೂಡಿದರೆ 75. ಆರ್ಸೆನಿಕ್‌ನದೂ 75. ಇಲ್ಲದ ವಿಷ ಇದ್ದಂತೆ ಕಾಣುತ್ತದೆ. ಯಂತ್ರದೊಳಗೆ ಅವು ಸಾಗುವ ದಾರಿಯಲ್ಲಿ ಹೀಲಿಯಂ ತುಂಬಿಟ್ಟರೆ ಗಾತ್ರದಲ್ಲಿ ದೊಡ್ಡದಾದ ಜೋಡಿ ಹೆಚ್ಚು ಡಿಕ್ಕಿ ಹೊಡೆದು ಸುಸ್ತಾಗಿ ಹಿಂದುಳಿಯುತ್ತದೆ, ಆರ್ಸೆನಿಕ್ ದಾಟುತ್ತದೆ. ಗೊತ್ತಿರುವ ಪ್ರಮಾಣವನ್ನು ಮಾದರಿಗೇ ಬೆರೆಸಿ ನೋಡುವ ವಿಧಾನ ಸೀಸದ ಸೋರಿಕೆಯನ್ನು ಹಿಡಿದೀತು. ಈ ಸುಳ್ಳು 75 ಅದಕ್ಕೆ ಸಿಗುವುದಿಲ್ಲ.

ನನ್ನ ಎರಡನೆಯ ಬಾಟಲಿಗೆ ನೀರು ಕೆಡದಿರಲೆಂದು ಹಾಕಿದ್ದು ಕ್ಲೋರಿನ್ ಇರುವ ಹೈಡ್ರೋಕ್ಲೋರಿಕ್ ಆಮ್ಲ. ಅಳೆದದ್ದು ಹೀಲಿಯಂ ಇಲ್ಲದೆ. ಮೂರನೆಯ ಸಲ ನೈಟ್ರಿಕ್ ಆಮ್ಲ ಹಾಕಿ ಕೊಟ್ಟೆ, ಹೀಲಿಯಂ ಬಳಸಿ ಅಳೆಯಿರೆಂದು ಕೇಳಿಕೊಂಡೆ. ಆರ್ಸೆನಿಕ್ ಮಿತಿಯೊಳಗಿತ್ತು. ಪಾತ್ರೆಯ ಕರೆ ಮಾತ್ರ ಹಾಗೇ ಇದೆ.