ಎಳೆತ ಬಿದ್ದರೇ ಮೂಳೆ ಗಟ್ಟಿ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದವರನ್ನು ಎರಡು ದಿನ ಬಿಟ್ಟು ಮಾತಾಡಿಸಿ. ಹತ್ತುವಾಗ ಏದುಸಿರು ಬಂದಿರುತ್ತದೆ, ಎದೆ ಡವಡವ ಹೊಡೆದುಕೊಂಡಿರುತ್ತದೆ. ಅದೆಲ್ಲ ಆಗಲೇ ಮರೆತುಹೋಗಿದೆ. ಈಗ ನೋಯುತ್ತಿರುವುದು ತೊಡೆ. ಆ ನೋವು ಬಹುಪಾಲು ಹತ್ತಿದ್ದಕ್ಕೆ ಬಂದದ್ದಲ್ಲ, ಇಳಿದದ್ದಕ್ಕೆ ಬಂದದ್ದು.

ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಮೈಭಾರವೆಲ್ಲ ಒಂದೇ ಕಾಲಿನ ಮೇಲೆ ಬೀಳುತ್ತದೆ. ನಾವು ಮುಗ್ಗರಿಸದಂತೆ ತೊಡೆಯ ಮುಂಭಾಗದ ಸ್ನಾಯು ತಡೆದು ಹಿಡಿಯುತ್ತದೆ. ಹಿಡಿದುಕೊಂಡೇ ಉದ್ದವಾಗುತ್ತಾ ಹೋಗುತ್ತದೆ. ಹೀಗೆ ಬಿಗಿಯಾಗಿಯೇ ಹಿಗ್ಗುವಾಗ ಅದರ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರುಕುಗಳಾಗುತ್ತವೆ. ದೇಹ ಅವನ್ನು ರಿಪೇರಿ ಮಾಡುವ ಹೊತ್ತಿನಲ್ಲಿ, ಅಂದರೆ 24ರಿಂದ 72 ಗಂಟೆಗಳ ನಡುವೆ, ನೋವು ಜಾಸ್ತಿ. ಇದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂದು ಈಗಲೂ ಅನೇಕರು ಹೇಳುತ್ತಾರೆ. ಅದು ಸರಿಯಲ್ಲ. ಆ ಆಮ್ಲ ಒಂದೆರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ. ವಾರ ಕಳೆದು ಮತ್ತೆ ಬೆಟ್ಟ ಇಳಿದು ನೋಡಿ, ನೋವು ಕಡಿಮೆ ಇರುತ್ತದೆ. ಸ್ನಾಯು ಅಷ್ಟು ಬೇಗ ಕಲಿಯುತ್ತದೆ.

ಸ್ನಾಯುವಿಗೆ ಗೊತ್ತಿರುವುದು ಒಂದೇ ಕೆಲಸ, ಎಳೆಯುವುದು. ತಳ್ಳಲು ಅದಕ್ಕೆ ಬರುವುದಿಲ್ಲ. ಅದಕ್ಕೇ ತೋಳನ್ನು ಮಡಚಲು ಮುಂದೊಂದು, ಚಾಚಲು ಹಿಂದೊಂದು, ಹೀಗೆ ಜೋಡಿಯಾಗಿ ಇರುತ್ತವೆ. ಸ್ನಾಯುವಿನ ಒಳಗೆ ಆಕ್ಟಿನ್, ಮಯೋಸಿನ್ ಎಂಬ ಎರಡು ಬಗೆಯ ಪ್ರೋಟೀನ್ ಎಳೆಗಳಿವೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿದವರು ಎಳೆದು, ಕೈ ಸಡಿಲಿಸಿ, ಮುಂದೆ ಹಿಡಿದು ಮತ್ತೆ ಎಳೆಯುತ್ತಾರಲ್ಲ, ಮಯೋಸಿನ್‌ನ ಪುಟ್ಟ ತಲೆಗಳು ಆಕ್ಟಿನ್ ಎಳೆಯನ್ನು ಹಾಗೆಯೇ ಎಳೆಯುತ್ತವೆ. ಎಳೆಗಳು ಒಂದರ ಮೇಲೊಂದು ಜಾರುತ್ತವೆ, ಇಡೀ ಸ್ನಾಯು ಗಿಡ್ಡವಾಗುತ್ತದೆ. ವಿಜ್ಞಾನಿಗಳು ಇದನ್ನು ವಿವರಿಸಿದ್ದು 1954ರಲ್ಲಿ.

ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಕಟ್ಟುವವರ ಬೆರಳುಗಳನ್ನು ನೋಡಿದ್ದೀರಾ? ಅಷ್ಟು ಚುರುಕಾದ ಆ ಬೆರಳುಗಳ ಒಳಗೆ ಅವನ್ನು ಮಡಚುವ ಸ್ನಾಯುವೇ ಇಲ್ಲ! ಕೆಲವು ಅಂಗೈಯಲ್ಲಿವೆ. ದೊಡ್ಡವೆಲ್ಲ ಮುಂಗೈಯಲ್ಲಿ, ಮೊಣಕೈ ಹತ್ತಿರ ಇವೆ. ಅಲ್ಲಿಂದ ಉದ್ದನೆಯ ಸ್ನಾಯುರಜ್ಜುಗಳು ಮಣಿಕಟ್ಟು ದಾಟಿ ಬೆರಳಿನ ಮೂಳೆಗೆ ಅಂಟಿಕೊಂಡಿವೆ. ಈಗಲೇ ಒಂದು ಮುಂಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಬೆರಳಾಡಿಸಿ. ಒಳಗೆ ಮಿಸುಕಾಡುವುದು ಗೊತ್ತಾಗುತ್ತದೆ.

ಈ ಎಳೆತ ಸಣ್ಣದಲ್ಲ. ಮೊಣಕೈ ಮಡಚಿ 5 ಕಿಲೋ ಭಾರ ಹಿಡಿದು ನಿಲ್ಲಿ. ತೋಳಿನ ಸ್ನಾಯು ಅಂಟಿರುವುದು ಮೊಣಕೈ ಕೀಲಿನಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ. ಭಾರ ಇರುವುದು ಅದರ ಏಳೆಂಟು ಪಟ್ಟು ದೂರದಲ್ಲಿ. ಹಾಗಾಗಿ ಸ್ನಾಯು 35ರಿಂದ 40 ಕಿಲೋ ಭಾರಕ್ಕೆ ಸಮನಾದ ಬಲ ಹಾಕಬೇಕು. ಅಷ್ಟೂ ಬಲ ಬೀಳುವುದು ಮೂಳೆಯ ಮೇಲೆ. ಬದಲಿಗೆ ನಮಗೆ ಸಿಗುವುದು ವೇಗ. ಸ್ನಾಯು ಚೂರು ಗಿಡ್ಡವಾದರೆ ಸಾಕು, ಅಂಗೈ ಅಷ್ಟು ದೂರ ಸಾಗುತ್ತದೆ.

ಮೂಳೆ ಎಂದರೆ ಸುಣ್ಣದ ಕಡ್ಡಿ ಎಂದು ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಆದರೆ ಅದಕ್ಕೆ ಜೀವ ಇದೆ. ಒಳಗೆ ರಕ್ತ ಹರಿಯುತ್ತದೆ, ಜೀವಕೋಶಗಳಿವೆ. ಒಂದು ಗುಂಪಿನ ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ, ಇನ್ನೊಂದು ಗುಂಪು ಹೊಸದನ್ನು ಕಟ್ಟುತ್ತದೆ. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ನೂರರಲ್ಲಿ ಹತ್ತು ಪಾಲು ಮೂಳೆ ಹೀಗೆ ಹೊಸದಾಗುತ್ತದೆ. ಎಲ್ಲಿ ಕಟ್ಟಬೇಕು, ಎಲ್ಲಿ ಕೆಡವಬೇಕು ಎಂದು ತಿಳಿಸುವುದು ಮೂಳೆಯೊಳಗೇ ಹುದುಗಿರುವ ಮೂರನೆಯ ಬಗೆಯ ಕೋಶಗಳು. ಸ್ನಾಯು ಎಳೆದಾಗ, ಭಾರ ಬಿದ್ದಾಗ ಮೂಳೆ ಒಂದಿಷ್ಟೇ ಇಷ್ಟು ಬಾಗುತ್ತದೆ. ಆಗ ಅದರ ಸಣ್ಣ ಸಣ್ಣ ಕಾಲುವೆಗಳಲ್ಲಿ ದ್ರವ ಅತ್ತಿತ್ತ ಸರಿಯುತ್ತದೆ. ಈ ಕೋಶಗಳಿಗೆ ಸುದ್ದಿ ಮುಟ್ಟುವುದು ಆ ಹರಿವಿನಿಂದ. ಮೂಳೆ ಭಾರಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ ಎಂದು ಜರ್ಮನಿಯ ವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದರು. ಟೆನಿಸ್ ಆಟಗಾರರಲ್ಲಿ ರಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದು ತೋಳಿನದಕ್ಕಿಂತ ದಪ್ಪ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತದೆ.

ಈ ಲೆಕ್ಕದಲ್ಲಿ ನೋಡಿದರೆ ಮೈಸೂರಿನ ಗರಡಿ ಮನೆಗಳ ಬಸ್ಕಿ, ದಂಡ, ಗದೆ ತಿರುಗಿಸುವುದು ಕುಸ್ತಿ ಪೈಲ್ವಾನರಿಗೆ ಮಾತ್ರ ಬೇಕಾದ ಸಾಮು ಅಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ನಡೆಯುವುದು ಹೃದಯಕ್ಕೆ ತುಂಬಾ ಒಳ್ಳೆಯದು. ಮೂಳೆಗೆ ಮಾತ್ರ ಅದೊಂದೇ ಸಾಲದು. ದಿನಾ ಕಂಡ ಅದೇ ಸಣ್ಣ ಭಾರಕ್ಕೆ ಅದು ಒಗ್ಗಿಹೋಗಿರುತ್ತದೆ. ಏರುವುದು, ಎತ್ತುವುದು, ಚಿಕ್ಕದಾಗಿ ನೆಗೆಯುವುದು ಬೇಕು. ಹರಕೆ ಹೊತ್ತ ಹೆಂಗಸರು ಬೆಟ್ಟದ ಮೆಟ್ಟಿಲು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರಲ್ಲ, ಅವರ ತೊಡೆ, ಸೊಂಟಕ್ಕೆ ಎಂಥ ಕೆಲಸ ಯೋಚಿಸಿ!

ಇನ್ನು ಊಟ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ. ಮಂಡ್ಯದ ಕಡೆಯ ಮುದ್ದೆ, ಬಸ್ಸಾರು, ಜೊತೆಗೆ ಒಂದು ಲೋಟ ಮಜ್ಜಿಗೆ ಇದ್ದರೆ ಅರ್ಧ ದಾರಿ ಸಾಗಿದಂತೆ. ಮೊಳಕೆ ಕಟ್ಟಿದ ರಾಗಿಯಾದರೆ ಇನ್ನೂ ಒಳ್ಳೆಯದು, ಕ್ಯಾಲ್ಸಿಯಂ ಮೈಗೆ ಚೆನ್ನಾಗಿ ಹತ್ತುತ್ತದೆ. ಬೇಳೆ, ಕಾಳು, ಮೊಟ್ಟೆಯ ಪ್ರೋಟೀನ್ ಇಲ್ಲದೆ ಸ್ನಾಯು ಬೆಳೆಯುವುದಿಲ್ಲ. ಒಂದಿಷ್ಟು ಬಿಸಿಲೂ ಬೇಕು, ವಿಟಮಿನ್ ಡಿ ಇಲ್ಲದಿದ್ದರೆ ಕರುಳು ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆದರೆ ಮಾತ್ರೆ ನುಂಗಿ ಸುಮ್ನೆ ಕೂತರೆ ಮೂಳೆ ಗಟ್ಟಿಯಾಗುತ್ತದೆ ಎಂಬ ನಂಬಿಕೆ ನನಗಿಲ್ಲ. ಇಟ್ಟಿಗೆ ತಂದು ರಾಶಿ ಹಾಕಿದರೆ ಸಾಲದು, ಕಟ್ಟು ಎಂಬ ಅಪ್ಪಣೆ ಸ್ನಾಯುವಿನಿಂದಲೇ ಬರಬೇಕು.

ಮೂವತ್ತರ ಹೊತ್ತಿಗೆ ಮೂಳೆಯ ಗಳಿಕೆ ಮುಗಿದಿರುತ್ತದೆ. ಮುಟ್ಟು ನಿಂತ ಮೇಲಿನ ಕೆಲವು ವರ್ಷ ಹೆಂಗಸರಲ್ಲಿ ಅದು ಬೇಗ ಬೇಗ ಸವೆಯುತ್ತದೆ. ನಮ್ಮ ಅಮ್ಮಂದಿರು, ಅತ್ತೆಯರು ಜಾರಿಬಿದ್ದು ಸೊಂಟ ಮುರಿದುಕೊಳ್ಳುವುದಕ್ಕೆ ಮೂಳೆ ಒಂದೇ ಕಾರಣವಲ್ಲ. ವಯಸ್ಸಾದಂತೆ ಥಟ್ಟನೆ ಕೆಲಸ ಮಾಡುವ ಸ್ನಾಯುವಿನ ಎಳೆಗಳೇ ಮೊದಲು ಸೊರಗುತ್ತವೆ. ಕಾಲು ಜಾರಿದಾಗ ಸಾವರಿಸಿಕೊಳ್ಳುವುದು ಅವುಗಳಿಂದ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ದಿನಕ್ಕೆ ಕೆಲವು ಸಲ ಮಾಡಿಸಿ. ಗೋಡೆ ಹಿಡಿದು ಹಿಮ್ಮಡಿ ಎತ್ತಿಸಿ. ಮೂಳೆ ಸವೆದಿದೆ ಎಂದು ಸ್ಕ್ಯಾನ್‌ನಲ್ಲಿ ಗೊತ್ತಾದವರು ನಡು ಬಗ್ಗಿಸಿ ಭಾರ ಎತ್ತಬಾರದು, ಬೆನ್ನುಮೂಳೆಯ ಮುಂಭಾಗ ಕುಸಿಯುವ ಅಪಾಯ ಹಾಗೆ ಬಗ್ಗಿದಾಗ ಹೆಚ್ಚು. ಅವರಿಗೆ ಎಷ್ಟು ಭಾರ, ಯಾವ ವ್ಯಾಯಾಮ ಎಂಬುದನ್ನು ಫಿಸಿಯೋಥೆರಪಿಸ್ಟ್ ಎದುರಿಗೆ ನಿಂತು ಕಲಿಸಬೇಕು.