ತುಕ್ಕು ತಿಂದ ಅಜ್ಜನ ಜೀಪು ಮತ್ತೆ ಮೊದಲಿನ ಹಾಗೆ ಆಗುತ್ತದಾ?

ಪ್ರಶ್ನೆ: ನಮ್ಮಜ್ಜ ಓಡಿಸುತ್ತಿದ್ದ ಮಹೀಂದ್ರಾ ಫೋರ್ ವೀಲ್ ಜೀಪು ತೋಟದ ಶೆಡ್ಡಿನಲ್ಲಿ ಹನ್ನೆರಡು ವರ್ಷದಿಂದ ನಿಂತಿದೆ. ಫ್ಲೋರ್ ತಗಡು ತೂತಾಗಿದೆ, ಬಾನೆಟ್ ಮೇಲೆಲ್ಲ ಗುಳ್ಳೆ ಎದ್ದಿದೆ. ಎಂಜಿನ್ ಕೈಯಲ್ಲಿ ತಿರುಗಿಸಿದರೆ ತಿರುಗುತ್ತದೆ. ಗ್ಯಾರೇಜಿನವರು ‘ಹೊಸ ಬಾಡಿ ಕೂರಿಸಿಬಿಡಿ’ ಅನ್ನುತ್ತಿದ್ದಾರೆ. ಹಳೆಯದನ್ನೇ ಕಂಪನಿಯಿಂದ ಬಂದಾಗ ಇದ್ದ ಹಾಗೆ ಮಾಡಿಸಲು ಆಗುತ್ತದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಆಗುತ್ತದೆ. ಎಂಜಿನ್ ಕೈಯಲ್ಲಿ ತಿರುಗುತ್ತಿದೆ ಅಂದರೆ ಅರ್ಧ ಚಿಂತೆ ಕಳೆದ ಹಾಗೆ. ಆದರೆ ಕೆಲಸ ಎಂಜಿನ್ನಿನಿಂದ ಶುರು ಮಾಡಬೇಡಿ, ಬಣ್ಣದಿಂದಂತೂ ಬೇಡವೇ ಬೇಡ. ಜೀಪಿನ ಕೆಳಗೆ ಒಂದು ಗೋಣಿಚೀಲ ಹಾಸಿ ಮಲಗಿ. ಅಲ್ಲಿಂದ ಶುರು.

ಇದನ್ನು ನಾನು ಕೈ ಸುಟ್ಟುಕೊಂಡು ಕಲಿತೆ. ಸಕಲೇಶಪುರದ ಕಡೆ ಓಡಾಡಿದ ನಮ್ಮ ಮನೆಯ ಜೀಪನ್ನು ಮೊದಲ ಸಲ ಒಂದು ಗ್ಯಾರೇಜಿಗೆ ಬಿಟ್ಟೆವು. ಒಂದೂವರೆ ತಿಂಗಳಿಗೆ ಮದುಮಗನ ಹಾಗೆ ಹೊಳೆಯುತ್ತಾ ಮನೆಗೆ ಬಂತು. ಎರಡನೇ ವರ್ಷದ ಪುಷ್ಯ ಮಳೆ ಮುಗಿಯುವಷ್ಟರಲ್ಲಿ ಹಿಂದಿನ ಮೂಲೆಯಲ್ಲಿ ಬಣ್ಣ ಉಬ್ಬಿತು. ಉಗುರಿನಲ್ಲಿ ಕೆರೆದರೆ ಹೆಬ್ಬೆರಳು ದಪ್ಪದ ಪುಟ್ಟಿ, ಅಂದರೆ ತಗ್ಗು ತುಂಬಲು ಬಣ್ಣದ ಕೆಳಗೆ ಮೆತ್ತುವ ಲೇಪ, ಹೆಂಚಿನ ಚೂರಿನ ಹಾಗೆ ಕೈಗೆ ಬಂತು. ಅದರ ಹಿಂದೆ ತಗಡೇ ಇರಲಿಲ್ಲ. ಅಪ್ಪ ಏನೂ ಮಾತಾಡದೆ ಆ ಚೂರನ್ನು ಕಿಟಕಿಯ ಮೇಲಿಟ್ಟರು. ಅದು ಇವತ್ತಿಗೂ ಅಲ್ಲೇ ಇದೆ.

ಹಾಗಾಗಿ ಮೊದಲು ನೋಡುವ ಕೆಲಸ. ಒಂದು ಹಳೇ ಸ್ಕ್ರೂಡ್ರೈವರ್, ಒಂದು ಚಿಕ್ಕ ಸುತ್ತಿಗೆ, ಒಂದು ಟಾರ್ಚ್ ಸಾಕು. ಗಾಡಿ ಎತ್ತಿದರೆ ಜಾಕ್ ಒಂದನ್ನೇ ನಂಬಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ತಗಡಿನ ಮೇಲೆ ಮೆಲ್ಲಗೆ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ‘ಠಣ್’ ಅನ್ನುತ್ತದೆ. ತುಕ್ಕು ತಿಂದದ್ದೋ ಪುಟ್ಟಿ ಮೆತ್ತಿದ್ದೋ ಆದರೆ ‘ಡಬ್’ ಅನ್ನುತ್ತದೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರ್ ಒತ್ತಿ. ತೂತಾದರೆ ಬೇಜಾರು ಮಾಡಿಕೊಳ್ಳಬೇಡಿ. ಆ ತೂತು ಮೊದಲೇ ಇತ್ತು, ನಿಮಗೆ ಕಂಡಿದ್ದು ಈಗ. ಸೀಮೆಸುಣ್ಣದಲ್ಲಿ ಸುತ್ತ ಗೆರೆ ಹಾಕಿ ಮುಂದೆ ಹೋಗಿ.

ಬಾನೆಟ್ ಮೇಲಿನ ಗುಳ್ಳೆ ಕಣ್ಣಿಗೆ ಹೊಡೆಯುತ್ತದೆ ಅಷ್ಟೇ, ಅಪಾಯ ಅಲ್ಲಿಲ್ಲ. ಎರಡು ತಗಡು ಒಂದರ ಮೇಲೊಂದು ಕೂತಿರುವ ಕಡೆಯೇ ತುಕ್ಕು ಮನೆ ಮಾಡುವುದು. ಆ ಸಂದಿಗೆ ನೀರು ಹೋಗುತ್ತದೆ, ಗಾಳಿ ಆಡುವುದಿಲ್ಲ, ಒಣಗುವುದೇ ಇಲ್ಲ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಜಾಸ್ತಿ ಜಾಗ ಬೇಡುತ್ತದೆ. ಹಾಗಾಗಿ ಒಳಗಿನಿಂದಲೇ ಎರಡೂ ತಗಡನ್ನು ದೂಡಿ ಬಾಯಿ ಬಿಡಿಸುತ್ತದೆ. ಜೀಪಿನ ಫ್ಲೋರ್ ಕೆಳಗೆ ಅಡ್ಡಕ್ಕೆ ಬೆಸೆದಿರುವ ಟೋಪಿ ಆಕಾರದ ಚಾನಲ್‌ಗಳಿವೆ ನೋಡಿ, ತುಕ್ಕಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪುಗಳಲ್ಲಿ ಈ ಚಾನಲ್ ಒಳಗೆ ಮರದ ಪಟ್ಟಿಯನ್ನೇ ತುರುಕಿರುತ್ತಿದ್ದರು. ಮರ ನೀರು ಹೀರಿ ಇಟ್ಟುಕೊಂಡು ಫ್ಲೋರನ್ನು ಒಳಗಿನಿಂದಲೇ ತಿನ್ನಿಸಿತು. ನಮ್ಮ ಜೀಪಿನ ಚಾನಲ್‌ನಲ್ಲಿ ಮರ ಇರಲಿಲ್ಲ. ಆದರೆ ಒಂದು ಬುಟ್ಟಿಯಷ್ಟು ಕೆಮ್ಮಣ್ಣು, ಸಿಲ್ವರ್ ಓಕ್ ಎಲೆ, ಎರಡು ಕಾಫಿ ಬೀಜ ಸಿಕ್ಕವು. ಬೇಸಿಗೆಯಲ್ಲಿ ತೆಗೆದರೂ ಆ ಮಣ್ಣು ತಣ್ಣಗೆ, ಒದ್ದೆಯಾಗಿತ್ತು.

ಇನ್ನು ನೋಡಬೇಕಾದ ಕಡೆಗಳು: ವಿಂಡ್‌ಶೀಲ್ಡ್ ಫ್ರೇಮಿನ ಕೆಳಅಂಚು, ಸೀಟಿನ ಕೆಳಗಿನ ಟೂಲ್ ಬಾಕ್ಸ್, ಬ್ಯಾಟರಿ ಟ್ರೇ, ಹಿಂದಿನ ಎರಡು ಮೂಲೆ, ಬಾಡಿ ಚಾಸಿಯ (ಗಾಡಿಯ ತಳದ ಕಬ್ಬಿಣದ ಚೌಕಟ್ಟಿನ) ಮೇಲೆ ಕೂರುವ ರಬ್ಬರ್ ಪ್ಯಾಡಿನ ಜಾಗ, ಸ್ಪ್ರಿಂಗ್ ಪ್ಲೇಟುಗಳನ್ನು ಹಿಡಿದಿಡುವ ಹ್ಯಾಂಗರ್ ಇರುವ ಕಡೆ ಚಾಸಿ. ಫ್ಲೋರ್ ಮೇಲೆ ಯಾರಾದರೂ ಅಲ್ಯುಮಿನಿಯಂ ಚೆಕ್ಕರ್ ಶೀಟ್ ರಿವೆಟ್ ಹೊಡೆಸಿದ್ದರೆ ಅದನ್ನು ಕಿತ್ತೇ ನೋಡಬೇಕು. ನಮ್ಮ ಕಡೆ ಜೀಪುಗಳಿಗೆ ಅದೊಂದು ಅಲಂಕಾರ. ಕೆಳಗೆ ನೀರು ಕೂತು ಮೂಲ ಫ್ಲೋರ್ ಹಪ್ಪಳವಾಗಿರುತ್ತದೆ.

ಚಾಸಿ ಗಟ್ಟಿ ಇದ್ದರೆ ಜೀಪು ಉಳಿಯಿತು ಅಂದುಕೊಳ್ಳಿ. ಫ್ಲೋರ್, ಮೂಲೆ ಎಲ್ಲ ತಗಡಿನ ಕೆಲಸ, ಒಳ್ಳೆಯ ಟಿಂಕರ್ ಮಾಡಿಕೊಡುತ್ತಾನೆ. ಚಾಸಿ ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿದ್ದರೆ ಮಾತ್ರ ಕೂತು ಯೋಚನೆ ಮಾಡಬೇಕು.

ಈಗ ‘ಕಂಪನಿಯಿಂದ ಬಂದ ಹಾಗೆ’ ಅನ್ನುವ ಮಾತಿಗೆ ಬರೋಣ. ನಿಮ್ಮ ಜೀಪು ಯಾವುದು ಅಂತ ಮೊದಲು ಗೊತ್ತಾಗಬೇಕು. ಬಾನೆಟ್ ಎತ್ತರವಾಗಿದ್ದು, ಮುಂದಿನ ಮಡ್‌ಗಾರ್ಡ್ ಚಪ್ಪಟೆಯಾಗಿದ್ದರೆ ಅದು ಹೆಚ್ಚಾಗಿ ಸಿಜೆ-3ಬಿ ಅನ್ನುವ ಮಾದರಿಯ ವಂಶದ್ದು. ಅಮೆರಿಕದ ವಿಲ್ಲಿಸ್ ಅದನ್ನು 1953ರಲ್ಲಿ ತಂದಿತು. ಹೊಸ ಹರಿಕೇನ್ ಎಂಜಿನ್ ಎತ್ತರಕ್ಕಿತ್ತು, ಹಳೇ ಬಾನೆಟ್ ಕೆಳಗೆ ಕೂರಲಿಲ್ಲ. ಅದಕ್ಕೇ ಬಾನೆಟ್ ಎತ್ತರಿಸಿದರು. ಅಲ್ಲಿ 1968ಕ್ಕೆ ಅದು ನಿಂತಿತು, ಇಲ್ಲಿ ಮಹೀಂದ್ರಾ ಅದೇ ಮುಖವನ್ನು ಎಷ್ಟೋ ವರ್ಷ ಮುಂದುವರಿಸಿತು. 80ರ ದಶಕದ ಎಂಎಂ 540 ಆದರೆ ಒಳಗೆ 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್ ಇರುತ್ತದೆ. ಪೆಟ್ರೋಲ್ ಜೀಪಿಗೆ ಆಮೇಲೆ ಡೀಸೆಲ್ ಎಂಜಿನ್ ಕೂರಿಸಿದ್ದೂ ಎಷ್ಟೋ ಇವೆ. ಆರ್‌ಸಿ ತೆಗೆದು ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಗಾಡಿಯ ಜೊತೆ ತಾಳೆ ನೋಡಿ. ಇದನ್ನು ಇವತ್ತೇ ಮಾಡಿ.

ಮೊದಲ ಬಣ್ಣ ಯಾವುದು ಅಂತ ಕಂಡುಹಿಡಿಯುವುದು ನನಗೆ ಇಡೀ ಕೆಲಸದಲ್ಲೇ ತುಂಬಾ ಇಷ್ಟವಾದ ಭಾಗ. ಒಂದು ಕಡೆ ನೀರು ಹಾಕಿ ನುಣುಪು ಎಮೆರಿ ಕಾಗದದಲ್ಲಿ ಮೆಲ್ಲಗೆ ಉಜ್ಜಿ. ಕಡಿದ ಮರದ ಬುಡದಲ್ಲಿ ಕಾಣುವ ಉಂಗುರಗಳ ಹಾಗೆ ಬಣ್ಣದ ಸುತ್ತುಗಳು ಕಾಣುತ್ತವೆ. ನಮ್ಮದರಲ್ಲಿ ಬಿಳಿ, ಕೆಳಗೆ ನೀಲಿ, ಅದರ ಕೆಳಗೆ ಬೂದು ಬೆರೆತ ಹಸಿರು, ಆಮೇಲೆ ಪ್ರೈಮರ್. ಮೀಟರ್ ಪ್ಯಾನಲ್ ಬಿಚ್ಚಿದರೆ ಅದರ ಹಿಂದೆ, ಟೂಲ್ ಬಾಕ್ಸ್ ಮುಚ್ಚಳದ ಒಳಗೆ ಬಿಸಿಲು ಕಾಣದ ಬಣ್ಣ ಇರುತ್ತದೆ. ಬಣ್ಣದ ಅಂಗಡಿಗೆ ಆ ಮುಚ್ಚಳವನ್ನೇ ತೆಗೆದುಕೊಂಡು ಹೋಗಿ. ಫೋನಿನ ಫೋಟೋ ತೋರಿಸಿದರೆ ಬಣ್ಣ ಕೂಡಿಬರುವುದಿಲ್ಲ.

ಬಿಚ್ಚುವಾಗ ಅವಸರ ಮಾಡಬೇಡಿ. ಪ್ರತಿ ಭಾಗಕ್ಕೂ ಮೊದಲು ಫೋಟೋ, ಆಮೇಲೆ ಸ್ಪ್ಯಾನರ್. ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಚೀಟಿ ಅಂಟಿಸಿ. ಇಲ್ಲೊಂದು ಸೂಕ್ಷ್ಮ ಇದೆ. ಜೀಪಿನ ಮೂಲ ಬೋಲ್ಟುಗಳು ಇಂಚಿನ ಲೆಕ್ಕದವು, ಪ್ಯೂಜೋ ಎಂಜಿನ್ನಿನವು ಮಿಲಿಮೀಟರ್ ಲೆಕ್ಕದವು. ಎರಡೂ ಬೆರೆತರೆ ಯಾರೋ ಒಬ್ಬರು ಸುಮ್ನೆ ಒತ್ತಿ ತಿರುಗಿಸಿ ಥ್ರೆಡ್ ಹಾಳು ಮಾಡುತ್ತಾರೆ. ತಿರುಗದ ಬೋಲ್ಟಿಗೆ ವಾರದ ಮೊದಲೇ ಆಯಿಲ್ ಬಿಡುತ್ತಾ ಬನ್ನಿ.

ತುಕ್ಕು ತೆಗೆಯಲು ನಮ್ಮಲ್ಲೇ ಸಿಗುವ ಒಂದು ಒಳ್ಳೆಯ ವಸ್ತು ಕಾಕಂಬಿ. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಆ ಕಪ್ಪು ಪಾಕವೇ. ಒಂದು ಪಾಲು ಕಾಕಂಬಿಗೆ ಎಂಟು ಒಂಬತ್ತು ಪಾಲು ನೀರು ಬೆರೆಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬ್ರಾಕೆಟ್, ಹಿಂಜ್, ಕ್ಲಾಂಪ್, ಬೋಲ್ಟುಗಳನ್ನು ಮುಳುಗಿಸಿಡಿ. ಒಂದೆರಡು ವಾರ ಹಿಡಿಯುತ್ತದೆ, ವಾಸನೆ ಹೊಡೆಯುತ್ತದೆ, ಮೇಲೆ ಬೂಷ್ಟು ಕಟ್ಟುತ್ತದೆ. ಆದರೆ ತುಕ್ಕನ್ನು ಮಾತ್ರ ಬಿಡಿಸಿ ಒಳ್ಳೆಯ ಕಬ್ಬಿಣವನ್ನು ಬಹುಮಟ್ಟಿಗೆ ಹಾಗೇ ಬಿಡುತ್ತದೆ. ತೆಗೆದು ನೀರಿನ ಜೋರಿಗೆ ಹಿಡಿದಾಗ ಬೂದು ಬಣ್ಣದ ಬರಿ ಲೋಹ ಕಾಣುತ್ತದೆ, ಕಣ್ಣು ತುಂಬಿಬರುತ್ತದೆ. ಅಲ್ಯುಮಿನಿಯಂ ಭಾಗಗಳನ್ನು ಮಾತ್ರ ಅದರಲ್ಲಿ ಹಾಕಬೇಡಿ, ಅದನ್ನು ತಿಂದುಬಿಡುತ್ತದೆ.

ಚಾಸಿಗೆ ಬ್ಲಾಸ್ಟಿಂಗ್, ಅಂದರೆ ಗಾಳಿಯ ಜೋರಿನಲ್ಲಿ ಸಣ್ಣ ಹರಳು ಹೊಡೆದು ತುಕ್ಕು ಬಿಡಿಸುವ ಕೆಲಸ, ಮಾಡಿಸಿ, ತೊಂದರೆ ಇಲ್ಲ, ದಪ್ಪ ಕಬ್ಬಿಣ. ಬಾನೆಟ್, ಮಡ್‌ಗಾರ್ಡ್‌ಗೆ ಬೇಡ. ಜೋರಾಗಿ ಹೊಡೆದರೆ ತೆಳು ತಗಡು ಸೊಟ್ಟಗಾಗುತ್ತದೆ, ಮತ್ತೆ ಸರಿಯಾಗುವುದು ಕಷ್ಟ. ಅದಕ್ಕೆ ಪೇಂಟ್ ರಿಮೂವರ್, ವೈರ್ ಬ್ರಷ್, ಕೈಕೆಲಸವೇ ಸರಿ. ಮಾಮೂಲಿ ಮರಳಿನಲ್ಲಿ ಬ್ಲಾಸ್ಟಿಂಗ್ ಮಾಡುವ ಕಡೆ ಕೊಡಲೇಬೇಡಿ. ಆ ಧೂಳು ಕೆಲಸದ ಹುಡುಗರ ಶ್ವಾಸಕೋಶಕ್ಕೆ ಕೂತು ಸಿಲಿಕೋಸಿಸ್ ತರುತ್ತದೆ.

ತಗಡು ಕತ್ತರಿಸುವ ಮೊದಲು ಒಂದು ಮಾತು ನೆನಪಿಡಿ. ಫ್ಲೋರ್ ಕತ್ತರಿಸಿದ ಕೂಡಲೇ ಬಾಡಿಯ ಎರಡು ಪಕ್ಕ ಹಿಡಿತ ತಪ್ಪಿ ಅಗಲವಾಗುತ್ತವೆ. ಅದಕ್ಕೇ ಬಾಡಿಯನ್ನು ಚಾಸಿಯ ಮೇಲೇ ಬೋಲ್ಟ್ ಹಾಕಿ ಇಟ್ಟು, ಒಳಗೆ ಅಡ್ಡಕ್ಕೆ ಒಂದೆರಡು ಪೈಪ್ ಬೆಸೆದು, ಆಮೇಲೆ ಕತ್ತರಿಸಬೇಕು. ಒಂದೇ ಸಲ ಪೂರ್ತಿ ಫ್ಲೋರ್ ತೆಗೆಯಬೇಡಿ. ಒಂದು ಭಾಗ ಕತ್ತರಿಸಿ, ಅದನ್ನೇ ಅಚ್ಚಾಗಿಟ್ಟುಕೊಂಡು ಹೊಸ ತಗಡು ಬಗ್ಗಿಸಿ, ಕೂರಿಸಿ, ಮುಂದಿನದಕ್ಕೆ ಹೋಗಿ. 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ತಗಡು ಈ ಕೆಲಸಕ್ಕೆ ಸರಿ ಹೊಂದುತ್ತದೆ. ಸಿಕ್ಕಿದ ದಪ್ಪ ಶೀಟ್ ಹಾಕಿದರೆ ಗಟ್ಟಿ ಅನ್ನಿಸಬಹುದು, ಆದರೆ ಅಂಚು ಕೂಡುವುದಿಲ್ಲ. ಬೆಸುಗೆ ಉದ್ದಕ್ಕೆ ಎಳೆದರೆ ತಗಡು ಬಿಸಿಗೆ ಅಲೆಅಲೆಯಾಗುತ್ತದೆ. ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕುತ್ತಾ, ಆರಲು ಬಿಟ್ಟು, ಮಧ್ಯೆ ತುಂಬುತ್ತಾ ಬರಬೇಕು. ಬ್ಯಾಟರಿ ಕಳಚಿರಬೇಕು. ಪೆಟ್ರೋಲ್ ಟ್ಯಾಂಕ್ ಗಾಡಿಯಿಂದಲೇ ದೂರ ಇರಬೇಕು. ಖಾಲಿ ಟ್ಯಾಂಕ್ ಅಂತ ಬೆಸುಗೆ ಹಾಕಲು ಹೋಗಬೇಡಿ, ಒಳಗಿನ ಆವಿಯೇ ಸಾಕು ಸಿಡಿಯಲು.

ಹೊಸ ಬಾಡಿ ಕೂರಿಸುವುದಕ್ಕೆ ನಾನು ಯಾಕೆ ಬೇಡ ಅನ್ನುತ್ತೇನೆ ಅಂದರೆ, ನಿಮ್ಮಜ್ಜ ಕೈ ಇಟ್ಟ ಅಂಚು, ಮೊಣಕಾಲು ತಾಗಿ ನುಣುಪಾದ ಮೂಲೆ ಹೊಸದರಲ್ಲಿ ಇರುವುದಿಲ್ಲ. ಒಂದು ಅಂಗೈ ಅಗಲ ಗಟ್ಟಿ ತಗಡು ಉಳಿದಿದ್ದರೂ ಅದನ್ನು ಉಳಿಸಿಕೊಳ್ಳಿ. ಮೂಲ ಸ್ಥಿತಿ ಅಂದರೆ ನನಗೆ ಅದು.

ಪುಟ್ಟಿ ಬೇಡವೇ ಬೇಡ ಅಂತಲ್ಲ. ಬೆಸುಗೆಯ ಏರುಪೇರು ಮುಚ್ಚಲು ಒಂದೆರಡು ಮಿ.ಮೀ. ಹಾಕಬಹುದು. ತೂತು ಮುಚ್ಚಲು ಹಾಕಿದರೆ ಮತ್ತೆ ನಮ್ಮ ಕಿಟಕಿಯ ಮೇಲಿನ ಚೂರಿನ ಕತೆಯೇ.

ಮಲೆನಾಡಿನಲ್ಲಿದ್ದರೆ ಕಾಲ ನೋಡಿ ಕೆಲಸ ಹಿಡಿಯಿರಿ. ದೀಪಾವಳಿ ಕಳೆದ ಮೇಲೆ ತಗಡಿನ ಕೆಲಸ ಶುರುವಾಗಿ ಯುಗಾದಿಯೊಳಗೆ ಬಣ್ಣ ಮುಗಿಯಬೇಕು. ಮಳೆಗಾಲದ ತೇವಕ್ಕೆ ಉಜ್ಜಿ ಬಿಟ್ಟ ಕಬ್ಬಿಣ ಬೆಳಗಾಗುವುದರೊಳಗೆ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಉಜ್ಜಿದ ದಿನವೇ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ಎಷ್ಟೋ ಜನ ರೆಡ್ ಆಕ್ಸೈಡ್ ಬಳಿಸಿ, ದುಡ್ಡು ಹೊಂದಿಸಿಕೊಂಡು ಬಣ್ಣ ಹೊಡೆಸೋಣ ಅಂತ ಒಂದು ಮಳೆಗಾಲ ಹಾಗೇ ಬಿಡುತ್ತಾರೆ. ಆ ಪ್ರೈಮರ್ ಒಂದೇ ಇದ್ದರೆ ನೀರು ಒಳಗಿಳಿಯುತ್ತದೆ, ಕೆಳಗೆ ಮತ್ತೆ ತುಕ್ಕು ಶುರು. ದುಡ್ಡು ಕಮ್ಮಿ ಇದ್ದರೆ ಮೇಲಿನ ಹೊಳಪು ಬಿಡಿ, ಕೆಳಗಿನ ಕೆಲಸ ಪೂರ್ತಿ ಮಾಡಿಸಿ. ಚಾನಲ್‌ಗಳ ಒಳಗೆ ಉದ್ದ ಕೊಳವೆ ತೂರಿಸಿ ಮೇಣದಂಥ ತುಕ್ಕುನಿರೋಧಕ ಸಿಂಪಡಿಸಬಹುದು. ಅದು ಬಣ್ಣ ಆದ ಮೇಲೆ.

ಬ್ರೇಕಿನ ವಿಷಯದಲ್ಲಿ ಮಾತ್ರ ‘ಹಳೆಯದೇ ಇರಲಿ’ ಅನ್ನಬೇಡಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಹನ್ನೆರಡು ವರ್ಷ ನಿಂತ ಗಾಡಿಯಲ್ಲಿ ಸಿಲಿಂಡರ್ ಒಳಗೆ ಗುಂಡಿ ಬಿದ್ದಿರುತ್ತದೆ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಪೈಪು, ರಬ್ಬರ್ ಎಲ್ಲ ಹೊಸದಾಗಲಿ. ಫೋರ್ ವೀಲ್ ಲಿವರ್ ಬೀಳುತ್ತದಾ, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಗೇರ್ ಪೆಟ್ಟಿಗೆ) ಆಯಿಲ್‌ನಲ್ಲಿ ನೀರು ಸೇರಿ ಹಾಲಿನ ಬಣ್ಣ ಬಂದಿದೆಯಾ ಅಂತಲೂ ನೋಡಿಸಿ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ, ಹಳೇ ಭಾಗಗಳಿಗೆ ಗುಜರಿ ಅಂಗಡಿಗಳಿವೆ. ಹಳೆಯ ಭಾಗ ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಕಾಗದಪತ್ರ. ಚಾಸಿ ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ತಾಗಬಾರದು, ಬ್ಲಾಸ್ಟಿಂಗ್‌ಗೆ ಮೊದಲು ಮುಚ್ಚಿಸಿ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಬೇರೆ ಎಂಜಿನ್ ಕೂರಿಸುವುದಾದರೆ ಆರ್‌ಟಿಒ ಅನುಮತಿ ಮೊದಲು. ಜೀಪು 50 ವರ್ಷ ದಾಟಿದ್ದರೆ 2021ರಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ ನೋಂದಾಯಿಸಬಹುದು; ಮೊದಲೇ ನೋಂದಣಿ ಆಗಿದ್ದರೆ ಹಳೇ ನಂಬರೇ ಉಳಿಯುತ್ತದೆ, ಹೊಸದಾಗಿ ನೋಂದಾಯಿಸಿದರೆ ‘ವಿಎ’ ಸರಣಿಯ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲದ್ದೇ ಇರಬೇಕು. ಹೊಸ ಬಾಡಿ ಕೂರಿಸಿದರೆ ಅಲ್ಲೂ ತೊಡಕು ಬರುತ್ತದೆ ಅಲ್ವಾ? ವಿಂಟೇಜ್ ನೋಂದಣಿಯ ಗಾಡಿಯನ್ನು ದಿನಾ ಓಡಿಸುವಂತೆಯೂ ಇಲ್ಲ. ತೋಟಕ್ಕೆ, ಪೇಟೆಗೆ ಓಡಿಸುವ ಆಸೆ ಇದ್ದರೆ ಮಾಮೂಲಿ ಆರ್‌ಸಿಯೇ ಇರಲಿ.

ಜೀಪು ಮತ್ತೆ ಓಡಲು ಶುರುವಾದ ಮೇಲೆ, ಕೆಸರಿನ ದಾರಿಯಿಂದ ಬಂದ ದಿನ ಮೇಲೆ ತೊಳೆಯದಿದ್ದರೂ ಪರವಾಗಿಲ್ಲ, ಕೆಳಗೆ ಪೈಪ್ ಹಿಡಿದು ಚಾಸಿಯ ಮಣ್ಣು ಬಿಡಿಸಿ. ಫ್ಲೋರಿನ ನೀರು ಇಳಿಯುವ ತೂತುಗಳಿಗೆ ಸೈಕಲ್ ಕಡ್ಡಿ ಚುಚ್ಚಿ ನೋಡಿ. ಮ್ಯಾಟ್ ಎತ್ತಿ ಒಣಗಲು ಹಾಕಿ. ನಮ್ಮಲ್ಲಿ ಈಗಲೂ ಆ ಕಡ್ಡಿ ಶೆಡ್ಡಿನ ಮೊಳೆಯಲ್ಲೇ ನೇತಾಡುತ್ತಿರುತ್ತದೆ.