ಮೊದಲು ಹಳೆಯ ಮಾತ್ರೆ ಡಬ್ಬಿ ತೆರೆಯಿರಿ

ಆಸ್ಪತ್ರೆಯಿಂದ ಮನೆಗೆ ಹೋದ ಹತ್ತನೇ ದಿನಕ್ಕೆ ಎಪ್ಪತ್ತೆಂಟರ ಹಿರಿಯರೊಬ್ಬರು ಮತ್ತೆ ನನ್ನೆದುರು ಕೂತಿದ್ದರು. ಹಣೆಯ ಮೇಲೆ ನಾಲ್ಕು ಹೊಲಿಗೆ. ನಸುಕಿನಲ್ಲಿ ಬಚ್ಚಲಿಗೆ ಹೊರಟವರು ಕಣ್ಣು ಕತ್ತಲಿಟ್ಟು ಬಿದ್ದಿದ್ದರು. ಮಲಗಿದ್ದಾಗ 130 ಇದ್ದ ರಕ್ತದೊತ್ತಡ ಎದ್ದು ನಿಂತೊಡನೆ 104ಕ್ಕೆ ಇಳಿಯಿತು. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೂ ಸಾಕು, ನಾವು ಕಾರಣ ಹುಡುಕುತ್ತೇವೆ.

ಕಾರಣ ಸೊಸೆಯ ಚೀಲದಲ್ಲಿತ್ತು. ಸಿಹಿತಿಂಡಿಯ ಹಳೆಯ ಡಬ್ಬಿಯೊಂದನ್ನು ಆಕೆ ಮೇಜಿನ ಮೇಲೆ ಮಗುಚಿದರು. ಹದಿನಾಲ್ಕು ಸ್ಟ್ರಿಪ್. ಅವುಗಳಲ್ಲಿ ಎರಡಕ್ಕೆ ಹೆಸರು ಬೇರೆ, ಬಣ್ಣ ಬೇರೆ, ಕಂಪನಿ ಬೇರೆ. ಹಿಂಬದಿಯ ಸಣ್ಣಕ್ಷರ ಓದಿದರೆ ಎರಡೂ ರಕ್ತದೊತ್ತಡ ಇಳಿಸುವ ಆಮ್ಲೋಡಿಪಿನ್. ಒಂದು ಆರು ವರ್ಷದಿಂದ ನುಂಗುತ್ತಿದ್ದದ್ದು, ಇನ್ನೊಂದು ಆಸ್ಪತ್ರೆಯಲ್ಲಿ ಹೊಸದಾಗಿ ಬರೆದುಕೊಟ್ಟದ್ದು. "ಹಳೆಯದನ್ನು ಬಿಡಿ ಎಂದು ಯಾರೂ ಹೇಳಲಿಲ್ಲವಲ್ಲ ಡಾಕ್ಟರೇ" ಎಂದರು. ಹೇಳಬೇಕಾದವರು ನಾವು ವೈದ್ಯರೇ.

ಡಿಸ್ಚಾರ್ಜ್ ದಿನ ಹೇಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬೆಳಿಗ್ಗೆಯಿಂದ ವಿಮೆಯವರ ಒಪ್ಪಿಗೆಗೆ ಕಾಯುವುದು, ಬಿಲ್ ಕಟ್ಟಲು ಓಡುವುದು, ನಡುವೆ ಎಲ್ಲೋ ಐದು ನಿಮಿಷ ಔಷಧಿಯ ಮಾತು. ಕೈಗೆ ಬರುವ ಕಾಗದ ಇಂಗ್ಲಿಷಿನದು. 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಎಸ್‌ಒಎಸ್ ಎಂದರೆ ಬೇಕಾದಾಗ ಮಾತ್ರ. ಈ ಎಸ್‌ಒಎಸ್ ನೋವಿನ ಮಾತ್ರೆಯನ್ನು ದಿನಕ್ಕೆ ಮೂರು ಸಲ ತಪ್ಪದೆ ಕೊಟ್ಟ ಶಿಸ್ತಿನ ಮಕ್ಕಳನ್ನೂ ನೋಡಿದ್ದೇನೆ.

ಆದ್ದರಿಂದ ಆಸ್ಪತ್ರೆ ಬಿಡುವ ಮುನ್ನವೇ ಮನೆಯ ಡಬ್ಬಿಯನ್ನು ತರಿಸಿಕೊಳ್ಳಿ. ಹಳೆಯದು, ಹೊಸದು ಎಲ್ಲವನ್ನೂ ವೈದ್ಯರ ಮುಂದೆ ಹರಡಿ, ಯಾವುದು ಮುಂದುವರಿಯಬೇಕು, ಯಾವುದು ನಿಂತಿತು ಎಂದು ಒಂದೊಂದನ್ನೇ ಕೈಯಲ್ಲಿ ಹಿಡಿದು ಕೇಳಿ. ನಿಂತದ್ದು ಮನೆಯಲ್ಲಿ ಉಳಿಯಬಾರದು. ದುಡ್ಡು ಕೊಟ್ಟದ್ದಲ್ಲವೇ ಎಂದು ಅಜ್ಜಿ ಅದನ್ನು ಬೀರುವಿನಲ್ಲಿ ಎತ್ತಿಟ್ಟರೆ ಒಂದಲ್ಲ ಒಂದು ದಿನ ಅದು ಹೊರಗೆ ಬಂದೇ ಬರುತ್ತದೆ. ಉಳಿದದ್ದನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ.

ಇನ್ನು ವಿಶ್ರಾಂತಿ. "ಏಳಬೇಡಿ ಅಪ್ಪ, ನಾವಿದ್ದೇವೆ" ಎನ್ನುವ ಮಕ್ಕಳ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೆ ಕಾಲಿನ ಸ್ನಾಯುವಿಗೆ ಅರ್ಥವಾಗುವುದಿಲ್ಲ. ಅಮೆರಿಕದಲ್ಲಿ ಆರೋಗ್ಯವಂತ ವೃದ್ಧರನ್ನೇ ಹತ್ತು ದಿನ ಹಾಸಿಗೆಯಲ್ಲಿರಿಸಿ ನೋಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಕಾಲುಗಳ ಮಾಂಸಖಂಡ ಹೆಚ್ಚುಕಡಿಮೆ ಒಂದು ಕಿಲೋ ಕರಗಿತ್ತು. ಕಾಯಿಲೆ ಬಿದ್ದವರ ಪಾಡು ಹೇಳಬೇಕೇ? ವೈದ್ಯರು ಬೇಡವೆನ್ನದಿದ್ದರೆ ಊಟಕ್ಕೆ ಹಾಸಿಗೆ ಬಿಟ್ಟು ಎದ್ದು ಬರಲಿ. ಏಳುವ ಮುನ್ನ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ಪಾದ ಆಡಿಸಿ, ಆಮೇಲೆ ನಿಲ್ಲಲಿ. ಬಚ್ಚಲ ದಾರಿಯಲ್ಲಿ ರಾತ್ರಿಯಿಡೀ ದೀಪವಿರಲಿ, ಕಾಲೊರಸು ಅಲ್ಲಿಂದ ಎದ್ದು ಹೋಗಲಿ.

ಗಂಜಿಯ ವಿಷಯದಲ್ಲಿ ಅತ್ತೆಯರೊಡನೆ ನನ್ನದು ಹಳೆಯ ಜಗಳ. ಚೇತರಿಸಿಕೊಳ್ಳುತ್ತಿರುವ ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ ಎಪ್ಪತ್ತು ಗ್ರಾಂನಷ್ಟು ಪ್ರೋಟೀನ್ ಬೇಕು. ಬಟ್ಟಲು ಅಕ್ಕಿ ಗಂಜಿಯಲ್ಲಿ ನಾಲ್ಕು ಗ್ರಾಂ ಸಿಕ್ಕರೆ ಪುಣ್ಯ. ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ಹೆಸರುಬೇಳೆ, ಮೊಸರು, ಮೊಟ್ಟೆ ತಟ್ಟೆಗೆ ಬರಲಿ. ನೋಡಲು ಬಂದವರೆಲ್ಲ ತರುವ ಎಳನೀರಿನ ಬಗ್ಗೆಯೂ ಎಚ್ಚರ. ಅದರಲ್ಲಿ ಪೊಟ್ಯಾಸಿಯಂ ಹೇರಳ. ಮೂತ್ರಪಿಂಡ ಸೋತವರಿಗೆ, ರಕ್ತದೊತ್ತಡಕ್ಕೋ ಹೃದಯಕ್ಕೋ ಕೊಡುವ ಟೆಲ್ಮಿಸಾರ್ಟನ್ ಅಥವಾ ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆಯಲ್ಲಿರುವವರಿಗೆ ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಕೇಳದೆ ಕುಡಿಸಬೇಡಿ.

ನೆನ್ನೆವರೆಗೆ ಸರಿಯಿದ್ದವರು ಇದ್ದಕ್ಕಿದ್ದಂತೆ ರಾತ್ರಿ ಗೋಡೆಯ ಜೊತೆ ಮಾತಾಡಿದರೆ, ಹಗಲೆಲ್ಲ ತೂಕಡಿಸಿದರೆ, ಅದನ್ನು ಅರಳು ಮರಳು ಎಂದು ತಳ್ಳಿಹಾಕಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಸೋಡಿಯಂ ಇಳಿಕೆ, ನಿದ್ದೆಗುಳಿಗೆ, ಇವುಗಳಲ್ಲಿ ಯಾವುದೂ ಇರಬಹುದು. ಅಂದೇ ತೋರಿಸಿ. ಕನ್ನಡಕ, ಕಿವಿಯ ಯಂತ್ರ ಆಸ್ಪತ್ರೆಯ ಚೀಲದಲ್ಲೇ ಉಳಿದಿಲ್ಲವಷ್ಟೇ ಎಂದೂ ನೋಡಿ.

ಆ ಹಿರಿಯರು ಕಳೆದ ತಿಂಗಳು ಕೋಲೂರಿಕೊಂಡು ತಾವೇ ಒಳಗೆ ಬಂದರು. ನಾನು ಕೇಳುವ ಮೊದಲೇ ಸೊಸೆ ಡಬ್ಬಿ ತೆರೆದರು. ಆರು ಸ್ಟ್ರಿಪ್, ಮೂಲೆಯಲ್ಲಿ ಒಂದು ತುಂಡು ಮೈಸೂರು ಪಾಕ್. ಅದು ಯಾರಿಗೆ ಎಂದು ನಾನು ಕೇಳಲಿಲ್ಲ.